ಅವರು ಬರದಿದ್ದರೂ ನೀವು ಹೋಗಿ

ಕೇಳುಗರಿಗೆ ನಮಸ್ಕಾರ.

ಕುಡಿತ ಬಿಡಿಸುವ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಬೆಳಗ್ಗೆ ಸುಮ್ನೆ ಕೂತು ನೋಡಿ. ಗಂಡ ತಲೆ ತಗ್ಗಿಸಿ ಕೂತಿರುತ್ತಾನೆ. ಪಕ್ಕದಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಹಳೇ ಚೀಟಿಗಳು, ಸ್ಕ್ಯಾನಿಂಗ್ ರಿಪೋರ್ಟು, ರೇಷನ್ ಕಾರ್ಡಿನ ಜೆರಾಕ್ಸು. ಎಷ್ಟು ವರ್ಷದಿಂದ ಕುಡೀತಾರೆ, ಕೊನೇ ಸಲ ಯಾವಾಗ ಕುಡಿದರು, ಫಿಟ್ಸ್ ಬಂದಿತ್ತಾ, ಎಲ್ಲಕ್ಕೂ ಉತ್ತರ ಹೇಳುವವಳು ಅವಳೇ. "ನೀವು ರಾತ್ರಿ ನಿದ್ದೆ ಮಾಡ್ತೀರೇನಮ್ಮ?" ಅಂತ ಅವಳನ್ನು ಕೇಳುವವರು ಮಾತ್ರ ಕಡಿಮೆ.

ಅಲ್ಲಿಗೆ ಬಂದವಳಾದರೂ ಪುಣ್ಯವಂತೆ. "ಅವರು ಬರೋಕೇ ಒಪ್ಪಲ್ಲ, ನಾನೊಬ್ಬಳೇ ಹೋಗಿ ಏನು ಮಾಡಲಿ" ಅಂತ ಮನೆಯಲ್ಲೇ ಉಳಿದವರು ಎಷ್ಟು ಜನ! ಅವರಿಗೇ ನಾನು ಇವತ್ತು ಮಾತಾಡುತ್ತಿರುವುದು. ಅವರು ಬರದಿದ್ದರೂ ನೀವು ಹೋಗಿ. ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೀವೊಬ್ಬರೇ ಕಾಣಬಹುದು.

ಹೋದರೆ ಏನು ಸಿಗುತ್ತೆ? ಮೊದಲು, ಅಪಾಯ ಯಾವುದು ಅಂತ ಗೊತ್ತಾಗುತ್ತೆ. ದಿನಾ ಜಾಸ್ತಿ ಕುಡಿಯುವವರನ್ನು ಮನೆಯವರು ರೂಮಲ್ಲಿ ಕೂಡಿಹಾಕಿ, ಒಂದೇ ಏಟಿಗೆ ಬಿಡಿಸೋಕೆ ಹೋಗುತ್ತಾರೆ. ಕೈ ನಡುಗುತ್ತೆ, ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣೋಕೆ ಶುರುವಾಗಿ ಏನೇನೋ ಮಾತಾಡಬಹುದು, ಜೀವಕ್ಕೇ ಸಂಚಕಾರ ಬರಬಹುದು. ಬಿಡಿಸುವುದು ಡಾಕ್ಟರ ಕಣ್ಣಳತೆಯಲ್ಲೇ ಆಗಬೇಕು.

ಇನ್ನೊಂದು, ಗೋಡೆ ಮೇಲೆಲ್ಲ ಕಾಣುವ ಆ ಜಾಹೀರಾತು. ಗೊತ್ತಾಗದಂತೆ ಸಾರಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುತ್ತಾರೆ ಅನ್ನೋದು. ದಯವಿಟ್ಟು ಬೇಡ ಅಮ್ಮಾ. ಆ ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು. ಡಾಕ್ಟರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೂ ಕದ್ದು ಹಾಕಬಾರದು. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಪ್ರಾಣವೇ ಹೋಗಬಹುದು. ಅದಕ್ಕೇ ಆ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ.

ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದನ್ನೂ ಹೇಳಿಕೊಡುತ್ತಾರೆ. ಕುಡಿದು ಬಂದಾಗ ಜಗಳಕ್ಕೆ ಇಳಿಯದೆ, ಬೆಳಗ್ಗೆ ಅಮಲು ಇಳಿದ ಮೇಲೆ ಮಾತಾಡುವುದು. ಅವರ ಕೆಲಸದ ಜಾಗಕ್ಕೆ ಫೋನ್ ಮಾಡಿ "ಜ್ವರ ಬಂದಿದೆ ಸಾರ್" ಅಂತ ನೀವು ಸುಳ್ಳು ಹೇಳದಿರುವುದು. ಬಾರಿನ ಸಾಲ ತೀರಿಸೋಕೆ ನಿಮ್ಮ ಓಲೆ ಅಡವಿಡದಿರುವುದು. ಹೊಡೆತ ಬಡಿತ ಇದ್ದರೆ ಮಾತ್ರ ಮೊದಲು ನೀವೂ ಮಕ್ಕಳೂ ಅಲ್ಲಿಂದ ಹೊರಡಬೇಕು, ಉಳಿದದ್ದೆಲ್ಲ ಆಮೇಲೆ.

ಕುಡಿಯುವವರ ಮನೆಯವರಿಗೆ ಅಂತಲೇ ಅಲ್-ಅನಾನ್ ಗುಂಪುಗಳಿವೆ, ಅಮೆರಿಕದಲ್ಲಿ 1951ರಲ್ಲಿ ಶುರುವಾದದ್ದು, ಬೆಂಗಳೂರಲ್ಲೂ ಸೇರುತ್ತಾರೆ. ಫೀಸಿಲ್ಲ. "ನಿನ್ನ ಬಾಯಿ ತಾಳಲಾರದೇ ಅವನು ಕುಡಿಯೋದು" ಅಂತ ಅತ್ತೆಯಿಂದ ಅನ್ನಿಸಿಕೊಂಡವಳು, ಅದೇ ಮಾತು ಕೇಳಿದ ಇನ್ನೊಬ್ಬಳ ಪಕ್ಕ ಕೂತಾಗ ಸಿಗುವ ಧೈರ್ಯವೇ ಬೇರೆ.

ಹೋಗೋಕೇ ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮಗನಿಗೆ ಸ್ಕಿಜೋಫ್ರೇನಿಯಾ, ತಂಗಿಗೆ ಖಿನ್ನತೆ ಅಂತ ಒದ್ದಾಡುತ್ತಿರುವವರಿಗೂ ಇದೇ ನಂಬರು. ನಿಮಗೇ ಜೀವ ಬೇಡ ಅನ್ನಿಸಿದರಂತೂ ತಡ ಮಾಡಬೇಡಿ.

ಇನ್ನು ನೆಂಟರಿಷ್ಟರಿಗೆ ಒಂದು ಮಾತು. "ಒಂದು ಮದುವೆ ಮಾಡಿ, ಸರಿಹೋಗ್ತಾನೆ" ಅನ್ನೋ ಸಲಹೆ ಇನ್ನಾದರೂ ಸಾಕು. ಇನ್ನೊಂದು ಹೆಣ್ಣಿನ ಬದುಕು ಅದು, ಔಷಧಿ ಅಲ್ಲ. ಸಹಾಯ ಮಾಡಬೇಕು ಅನ್ನಿಸಿದರೆ ಭಾನುವಾರ ಬಂದು, "ನಾನು ಇವನ ಜೊತೆ ಕೂತಿರ್ತೀನಿ, ಅಕ್ಕ, ನೀನು ಸಾಯಂಕಾಲದವರೆಗೆ ಮಲಗು" ಅನ್ನಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಹೋಗಿ, ಔಷಧಿ ಕೌಂಟರಿನ ಕ್ಯೂನಲ್ಲಿ ನೀವು ನಿಲ್ಲಿ.

ನಮಸ್ಕಾರ.