ಚಿಕ್ಕಮ್ಮ ಮುಚ್ಚಿಟ್ಟ ಗಂಟು

ನಮಸ್ಕಾರ. ಇವತ್ತು ತಂತ್ರಜ್ಞಾನದಲ್ಲಿ ಮಹಿಳೆಯರ ನಾಯಕತ್ವದ ವಿಷಯ ಮಾತನಾಡಬೇಕು. ಆದರೆ ಮೊದಲು ನನ್ನ ಚಿಕ್ಕಮ್ಮನ ವಿಷಯ ಹೇಳಿಬಿಡುತ್ತೇನೆ.

ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಾಗ ಚಿಕ್ಕಮ್ಮ ಯಾರಿಗೂ ಹೇಳಲಿಲ್ಲ. ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಹರಳೆಲೆಯನ್ನು ಒಲೆಯ ಕೆಂಡದ ಮೇಲೆ ಬಾಡಿಸಿ ಕಟ್ಟಿಕೊಳ್ಳುತ್ತಿದ್ದರು. ಬೆಳಕು ಹರಿಯುವ ಮೊದಲೇ ಅದನ್ನು ಬಿಚ್ಚಿ ಹಿತ್ತಲಿಗೆ ಎಸೆಯುತ್ತಿದ್ದರು. ಹೀಗೆ ಏಳು ತಿಂಗಳು. ಕೊನೆಗೆ ಮಗಳ ಕಣ್ಣಿಗೆ ಬಿದ್ದು ಬೆಂಗಳೂರಿಗೆ ಕರೆತಂದಾಗ ವೈದ್ಯರು ಕೇಳಿದರು, "ಇಷ್ಟು ದಿನ ಯಾಕಮ್ಮಾ ಬರಲಿಲ್ಲ?" ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಯಾರೆದುರು ರವಿಕೆ ಬಿಚ್ಚಲಿ ಹೇಳಿ" ಎಂದರು.

ಅವರು ಬದುಕಿದ್ದಾರೆ. ಆದರೆ ಆ ಏಳು ತಿಂಗಳಿಗೆ ಅವರ ದೇಹ ತೆತ್ತ ಬೆಲೆ ಸಣ್ಣದಲ್ಲ.

ಚಿಕ್ಕಮ್ಮನ ಆ ಮಾತನ್ನು ನಾವು ಸಾಮಾನ್ಯವಾಗಿ ನಾಚಿಕೆ ಎನ್ನುತ್ತೇವೆ, ತಿಳಿವಳಿಕೆ ಇಲ್ಲ ಎನ್ನುತ್ತೇವೆ, ಅರಿವು ಮೂಡಿಸಬೇಕು ಎಂದು ಭಾಷಣ ಮಾಡುತ್ತೇವೆ. ಬೆಂಗಳೂರಿನ ಗೀತಾ ಮಂಜುನಾಥ್ ಅದನ್ನು ಎಂಜಿನಿಯರಿಂಗ್ ಪ್ರಶ್ನೆಯಾಗಿ ನೋಡಿದರು. ಗೀತಾ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು, ದೊಡ್ಡ ಕಂಪನಿಗಳ ಸಂಶೋಧನಾಲಯಗಳಲ್ಲಿ ವರ್ಷಗಟ್ಟಲೆ ದುಡಿದವರು. ಆಪ್ತ ಸಂಬಂಧಿಕರಿಗೆ ಚಿಕ್ಕ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬಂದದ್ದನ್ನು ಹತ್ತಿರದಿಂದ ಕಂಡರು. 2016ರಲ್ಲಿ 'ನಿರಾಮಯಿ' ಎಂಬ ಸಂಸ್ಥೆ ಕಟ್ಟಿದರು.

ಅವರ ತಂತ್ರಜ್ಞಾನ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಾಣತನವೆಲ್ಲ ಅಲ್ಲೇ ಇದೆ. ಮ್ಯಾಮೊಗ್ರಫಿಯಲ್ಲಿ ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ ಎಕ್ಸ್‌-ರೇ ತೆಗೆಯುತ್ತಾರೆ. ನೋವಾಗುತ್ತದೆ. ಯಂತ್ರಕ್ಕೂ ತುಂಬಾ ಬೆಲೆ. ಮೇಲಾಗಿ, ಚಿಕ್ಕ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುತ್ತದೆ. ಎಕ್ಸ್‌-ರೇಯಲ್ಲಿ ಅದೂ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ ಕಾಣುತ್ತದೆ. ನಿರಾಮಯಿಯ ವಿಧಾನದಲ್ಲಿ ಮಹಿಳೆ ಮರೆಯಲ್ಲಿ ಕೂರುತ್ತಾಳೆ. ಸ್ವಲ್ಪ ದೂರದಲ್ಲಿರುವ ಕ್ಯಾಮೆರಾ ಅವಳ ಚರ್ಮದ ಶಾಖವನ್ನಷ್ಟೇ ಗ್ರಹಿಸುತ್ತದೆ. ಗಡ್ಡೆ ಬೆಳೆಯುವ ಜಾಗದಲ್ಲಿ ರಕ್ತನಾಳಗಳು ಹೆಚ್ಚುತ್ತವೆ, ಶಾಖ ತುಸು ಏರುತ್ತದೆ. ಬರಿಗಣ್ಣಿಗೆ ತಿಳಿಯದ ಆ ವ್ಯತ್ಯಾಸವನ್ನು ಕೃತಕ ಬುದ್ಧಿಮತ್ತೆ ಹುಡುಕುತ್ತದೆ. ಯಾರೂ ಮುಟ್ಟುವುದಿಲ್ಲ. ವಿಕಿರಣವಿಲ್ಲ. ಪೆಟ್ಟಿಗೆಯಲ್ಲಿಟ್ಟು ಹಳ್ಳಿಯ ಶಿಬಿರಕ್ಕೂ ಒಯ್ಯಬಹುದು.

ಇದು ಮ್ಯಾಮೊಗ್ರಫಿಗೆ ಪರ್ಯಾಯ ಎಂದು ಯಾರೂ ತಪ್ಪು ತಿಳಿಯಬೇಡಿ. ವೈದ್ಯರು ಮ್ಯಾಮೊಗ್ರಫಿ ಬೇಕೆಂದರೆ ಮಾಡಿಸಲೇಬೇಕು. ನಾನು ಹೇಳುತ್ತಿರುವುದು ಅದಕ್ಕಿಂತ ಹಿಂದಿನ ಮಾತು. ಶಾಖದ ಕ್ಯಾಮೆರಾ ಹೊಸದಲ್ಲ, ಸೈನ್ಯದಲ್ಲಿ, ಕಾರ್ಖಾನೆಗಳಲ್ಲಿ ಎಷ್ಟೋ ಕಾಲದಿಂದ ಇದೆ. ಅದನ್ನು ಚಿಕ್ಕಮ್ಮನಂಥವರ ಸಂಕೋಚದ ಕಡೆಗೆ ತಿರುಗಿಸಬೇಕೆಂದು ಹೊಳೆದದ್ದು, ಹೊಳೆದದ್ದನ್ನು ಮಾಡಿಸಲು ತಂಡ, ಹಣ, ಅಧಿಕಾರ ಮೂರನ್ನೂ ಒಟ್ಟುಗೂಡಿಸಿದ್ದು ಒಬ್ಬ ಮಹಿಳೆ. ಹೊಳೆಯುವುದು ಬಹಳ ಜನಕ್ಕೆ. ಮಾಡೋಣ ಎಂದು ತೀರ್ಮಾನಿಸುವ ಕುರ್ಚಿ ಕೆಲವರಿಗೆ ಮಾತ್ರ. ಆ ಕುರ್ಚಿಯಲ್ಲಿ ಕೂತವರ ಬದುಕಿಗೆ ಯಾವ ಕಷ್ಟ ಗೊತ್ತೋ ಆ ಕಷ್ಟಕ್ಕೆ ಯಂತ್ರ ಹುಟ್ಟುತ್ತದೆ.

ಹಾಗಾದರೆ ಮಹಿಳೆಯರು ಮಹಿಳೆಯರ ಕಾಯಿಲೆಗಷ್ಟೇ ನಾಯಕರೇ ಎಂದು ಕೇಳುವವರಿದ್ದಾರೆ. ಅವರು ಹಾಸನದ ಕಡೆ ನೋಡಬೇಕು. 2011ರ ಜುಲೈ 15ರಂದು ಇಸ್ರೊದ ಜಿಸ್ಯಾಟ್-12 ಉಪಗ್ರಹ ಶ್ರೀಹರಿಕೋಟದಿಂದ ಹಾರಿತು. ರಾಕೆಟ್ ಅದನ್ನು ಬಿಟ್ಟ ಕಕ್ಷೆಯಲ್ಲಿ ಭೂಮಿಯಿಂದ ಅತಿ ದೂರದ ಬಿಂದುವೇ ಸುಮಾರು 21,000 ಕಿಲೋಮೀಟರ್. ಅಲ್ಲಿಂದ 36,000 ಕಿಲೋಮೀಟರ್ ಎತ್ತರಕ್ಕೆ ಉಪಗ್ರಹದ್ದೇ ಎಂಜಿನನ್ನು ಉರಿಸಿ, ಹಂತ ಹಂತವಾಗಿ ಏರಿಸಬೇಕಿತ್ತು. ಲೆಕ್ಕ ತಪ್ಪಿದರೆ ಸರಿಪಡಿಸಲು ಅಲ್ಲಿಗೆ ಯಾರೂ ಹೋಗಲಾಗದು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ನಡೆದ ಆ ಕೆಲಸದ ಹೊಣೆ ಹೊತ್ತವರು ಯೋಜನಾ ನಿರ್ದೇಶಕಿ ಟಿ. ಕೆ. ಅನುರಾಧಾ, ಮಿಷನ್ ನಿರ್ದೇಶಕಿ ಪ್ರಮೋದಾ ಹೆಗ್ಡೆ, ಕಾರ್ಯಾಚರಣೆ ನಿರ್ದೇಶಕಿ ಕೆ. ಎಸ್. ಅನುರಾಧಾ. ಮೂವರೂ ಮಹಿಳೆಯರು. ದೂರಶಿಕ್ಷಣ, ದೂರವೈದ್ಯಕೀಯದಂಥ ಸೇವೆಗಳಿಗೆ ಬೇಕಾದ ಉಪಗ್ರಹ ತನ್ನ ಜಾಗದಲ್ಲಿ ಹೋಗಿ ನಿಂತಿತು. ಚಂದ್ರಯಾನ-2ಕ್ಕೆ ಎಂ. ವನಿತಾ, ಸೂರ್ಯನ ಅಧ್ಯಯನಕ್ಕೆ ಹೊರಟ ಆದಿತ್ಯ-ಎಲ್1ಕ್ಕೆ ನಿಗಾರ್ ಶಾಜಿ ಯೋಜನಾ ನಿರ್ದೇಶಕಿಯರಾದರು. ಆದರೂ 1969ರಲ್ಲಿ ಹುಟ್ಟಿದ ಇಸ್ರೊಗೆ ಒಬ್ಬ ಮಹಿಳೆಯೂ ಅಧ್ಯಕ್ಷೆಯಾಗಿಲ್ಲ.

2014ರಲ್ಲಿ ಮಂಗಳಯಾನ ಗೆದ್ದ ದಿನ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ನಗುತ್ತಿದ್ದ ಇಸ್ರೊ ಮಹಿಳೆಯರ ಚಿತ್ರ ನಿಮಗೆ ನೆನಪಿರಬಹುದು. ನನಗೂ ಕಣ್ಣು ತುಂಬಿತ್ತು. ಆದರೆ ಗೆದ್ದ ದಿನದ ಚಿತ್ರದಲ್ಲಿ, ನಡುದಾರಿಯಲ್ಲೇ ಇಳಿದುಹೋದವರು ಇರುವುದಿಲ್ಲ.

ಹಲವರು ಹೀಗೆ ಕೆಲಸ ಬಿಟ್ಟು ಇಳಿಯುವುದು ಮಗು ಹುಟ್ಟಿದ ಆಸುಪಾಸಿನಲ್ಲಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿ 26 ವಾರಗಳ ಹೆರಿಗೆ ರಜೆ ಕೊಟ್ಟಿತು, 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಒಳ್ಳೆಯ ಕಾನೂನು. ಆದರೆ ರಜೆಯಿಂದ ಮರಳಿದವಳ ಕೈಗೆ ಯಾವ ಕೆಲಸ ಕೊಡುತ್ತಾರೆ ಎಂಬುದು ಕಾನೂನಿನ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಗರ್ಭಿಣಿಯರಿಗೆ ತಪಾಸಣೆಯ ದಿನ ನೆನಪಿಸುವ ಒಂದು ಸಂದೇಶ ವ್ಯವಸ್ಥೆ ಸಿದ್ಧವಾಗುತ್ತಿತ್ತು. ತಂಡದ ಮುಖ್ಯಸ್ಥೆ ನನ್ನ ಗೆಳತಿ. ಒಂದು ಸಭೆಯಲ್ಲಿ ಅವಳು ಕೇಳಿದಳು, "ಮನೆಗೆಲ್ಲ ಒಂದೇ ಮೊಬೈಲ್ ಇದ್ದು, ಅದು ಗಂಡನ ಜೇಬಿನಲ್ಲಿದ್ದರೆ?" ಕೋಣೆಯಲ್ಲಿದ್ದ ಹತ್ತು ಜನರಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಗಂಡ ಮನೆಗೆ ಬರುವ ಸಂಜೆಯ ಹೊತ್ತಿಗೆ, ಓದು ಬಾರದವರಿಗೂ ತಿಳಿಯುವಂತೆ, ಧ್ವನಿ ಕರೆ ಹೋಗಬೇಕೆಂದು ಅವಳು ಯೋಜನೆ ಬರೆದಳು. ಅಷ್ಟರಲ್ಲಿ ಹೆರಿಗೆ ರಜೆಗೆ ಹೋದಳು. ಮರಳಿದಾಗ ತಂಡ ಇನ್ನೊಬ್ಬರ ಕೈಯಲ್ಲಿತ್ತು. "ನಿಮಗೆ ಅನುಕೂಲವಾಗಲಿ ಎಂದೇ ಮಾಡಿದೆವು" ಎಂದರು. ನಾಲ್ಕು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಸಂಜೆಯ ಕರೆಯ ಯೋಜನೆಯನ್ನು ಮತ್ತೆ ಯಾರೂ ತೆರೆದು ನೋಡಲಿಲ್ಲ. ನಾನು ಆ ಕಂಪನಿ ಬಿಡುವ ದಿನವೂ ಆ ಸಂದೇಶಗಳು ಬೆಳಿಗ್ಗೆ ಹತ್ತು ಗಂಟೆಗೆ, ಹೊಲದಲ್ಲೋ ಗಾರೆ ಕೆಲಸದಲ್ಲೋ ಇರುವ ಗಂಡನ ಜೇಬಿಗೇ ಹೋಗಿ ಬೀಳುತ್ತಿದ್ದವು.