ಉಪ್ಪು ಹೋದರೆ ಸಾಲದು, ಫಿಲ್ಟರ್‌ಗೆ ಜೀವ ಬರಬೇಕು

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಸಮುದ್ರದ ಮೀನಿನ ಅಕ್ವೇರಿಯಂ ಇಟ್ಟುಕೊಂಡು, ಉಪ್ಪು ಕಲಸಿ ಕಲಸಿ ಸಾಕಾಗಿ, ಇದನ್ನೇ ಸಿಹಿನೀರಿನ ತೊಟ್ಟಿ ಮಾಡಿಬಿಡೋಣ ಅಂತ ಯೋಚಿಸುತ್ತಿರುವವರಿಗೆ ಇವತ್ತಿನ ಮಾತು. ಖಂಡಿತ ಮಾಡಬಹುದು. ಗಾಜು ಅದೇ, ಹೀಟರ್ ಅದೇ, ಪಂಪ್ ಅದೇ. ಸಮುದ್ರದ ಮೀನುಗಳನ್ನು ಮಾತ್ರ ಮೊದಲೇ ಬೇರೆ ಉಪ್ಪುನೀರಿನ ತೊಟ್ಟಿಗೆ ಕಳಿಸಿ. ನಿಧಾನವಾಗಿ ಉಪ್ಪು ಕಡಿಮೆ ಮಾಡಿದರೆ ಒಗ್ಗಿಕೊಳ್ಳುತ್ತವಲ್ವಾ ಅಂತ ಕೇಳಬೇಡಿ. ಕ್ಲೌನ್ ಮೀನು ಒಗ್ಗುವುದಿಲ್ಲ, ಸಾಯುತ್ತದೆ.

ಎಲ್ಲರಿಗೂ ಇರುವ ಚಿಂತೆ, ಉಪ್ಪು ಪೂರ್ತಿ ಹೋಗುತ್ತಾ ಅಂತ. ಹೋಗುತ್ತೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಂದರೆ 100 ಲೀಟರ್ ತೊಟ್ಟಿಯಲ್ಲಿ ಮೂರೂವರೆ ಕಿಲೋ. ಕೇಳಿದರೆ ಗಾಬರಿಯಾಗುತ್ತದೆ. ಆದರೆ ಅದೆಲ್ಲ ನೀರಿನಲ್ಲಿ ಕರಗಿದೆ, ನೀರು ಚೆಲ್ಲಿದರೆ ಅದೂ ಹೋಯಿತು. ಗಾಜು, ಪೈಪು ಎರಡು ಮೂರು ಸಲ ತೊಳೆಯಿರಿ. ಬಿಳಿ ಕರೆ ಅಂಟಿದ್ದರೆ ವಿನೆಗರ್ ಹಾಕಿ ಉಜ್ಜಿ. ಸೋಪು ಬೇಡ.

ತಲೆ ಕೆಡಿಸಿಕೊಳ್ಳಬೇಕಾದ್ದು ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಬಗ್ಗೆ. ಮೀನು ಬಿಡುವ ಅಮೋನಿಯಾ ವಿಷ. ಕೆಲವು ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ, ಇನ್ನು ಕೆಲವು ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ನೆಮ್ಮದಿ. ಉಪ್ಪುನೀರಿಗೆ ಒಗ್ಗಿದ ಈ ಬ್ಯಾಕ್ಟೀರಿಯಾ ದಿಢೀರನೆ ಸಿಹಿನೀರಿಗೆ ಬಿದ್ದರೆ ಸಾಯುತ್ತವೆ. ಎಷ್ಟೇ ವರ್ಷದ ತೊಟ್ಟಿಯಾಗಿರಲಿ, ಆ ದಿನದಿಂದ ಅದು ಹೊಸ ತೊಟ್ಟಿ.

ನನ್ನ ಪರಿಚಯದವರೊಬ್ಬರು ತುಂಬಾ ಪ್ರೀತಿಯಿಂದ ಸಮುದ್ರದ ತೊಟ್ಟಿ ನೋಡಿಕೊಂಡಿದ್ದವರು. ಅದನ್ನು ಬದಲಿಸುವಾಗ ಎಲ್ಲ ಸರಿಯಾಗಿಯೇ ಮಾಡಿದರು. ಆದರೆ ಲೈವ್ ರಾಕ್, ಅಂದರೆ ಸಮುದ್ರದ ಜೀವಗಳು ಮನೆ ಮಾಡಿಕೊಂಡ ಕಲ್ಲು, ಅದನ್ನು ಬಿಡಲು ಮನಸ್ಸು ಬರಲಿಲ್ಲ. ನೇರಳೆ ಬಣ್ಣ ಹತ್ತಿದ, ತೂತು ತೂತಿನ ಚಂದದ ಕಲ್ಲುಗಳು, ವರ್ಷಗಟ್ಟಲೆ ಜೋಡಿಸಿದ್ದವು. ನಲ್ಲಿ ನೀರಲ್ಲಿ ತೊಳೆದು ವಾಪಸ್ ಇಟ್ಟರು. ನೀರು ಫಳಫಳ ಅಂತಿತ್ತು. ನಿಯಾನ್ ಟೆಟ್ರಾ ಅನ್ನುವ ಸಿಹಿನೀರಿನ ಪುಟ್ಟ ಮೀನು ಬಿಟ್ಟರು. ಮರುದಿನ ಬೆಳಿಗ್ಗೆ ಫೋನು. ‘ಮೇಡಂ, ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ, ನೀರು ನೋಡಿದ್ರೆ ಗಾಜಿನ ಹಾಗಿದೆ, ಗಾಳಿ ಕಮ್ಮಿನಾ?’ ಒಂದು ಕಲ್ಲು ತೆಗೆದು ಮೂಸಿ ನೋಡಿ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಕೊಳೆತ ವಾಸನೆ’ ಅಂದರು. ಆ ತೂತುಗಳಲ್ಲಿ ಹುಳು, ಸ್ಪಂಜು, ಏನೇನೋ ಸಣ್ಣ ಜೀವಗಳಿದ್ದವು, ಎಲ್ಲ ಸತ್ತು ಕೊಳೆಯುತ್ತಿದ್ದವು. ಅಮೋನಿಯಾ ಟೆಸ್ಟ್ ಮಾಡಿದರೆ ಕಡು ಹಸಿರು, ಅಂದರೆ ತುಂಬಾ ಜಾಸ್ತಿ. ಸಾಲದ್ದಕ್ಕೆ ಆ ಕಲ್ಲು, ತಳದಲ್ಲಿದ್ದ ಹವಳದ ಮರಳು ಎರಡೂ ಸುಣ್ಣವೇ, ಸುಣ್ಣ ಕರಗಿ, ನೀರು ಎಷ್ಟು ಕ್ಷಾರ ಅಂತ ಹೇಳುವ ಪಿಎಚ್ 8 ದಾಟಿತ್ತು. ಪಿಎಚ್ ಏರಿದಷ್ಟೂ ಅಮೋನಿಯಾ ವಿಷ ಜಾಸ್ತಿ. ಉಳಿದ ಮೀನುಗಳನ್ನು ಬಕೆಟ್ಟಿನಲ್ಲಿ ತೆಗೆದುಕೊಂಡು ಸ್ನೇಹಿತರ ತೊಟ್ಟಿಗೆ ಓಡಿದರು. ಅವರು ಆಮೇಲೂ ಕೇಳಿದ್ದು, ಉಪ್ಪು ಉಳಿದಿತ್ತಾ ಅಂತಲೇ! ಉಪ್ಪಲ್ಲ ಅಂತ ಎಷ್ಟು ಸಲ ಹೇಳಿದೆನೋ. ಅಲ್ಲಿ ಅಮೋನಿಯಾ ತಿನ್ನುವವರೇ ಇರಲಿಲ್ಲ.

ಹಾಗಾಗಿ ಕಲ್ಲು, ಮರಳು ಎರಡನ್ನೂ ಹೊರಗೆ ತೆಗೆಯಿರಿ. ಹೊಸ ಕಲ್ಲಿನ ಮೇಲೆ ವಿನೆಗರ್ ಹನಿಸಿ, ನೊರೆ ಎದ್ದರೆ ಅದರಲ್ಲೂ ಸುಣ್ಣವಿದೆ, ಬೇಡ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನು ಸಾಕುವವರಿಗೆ ಸುಣ್ಣದ ಕಲ್ಲು ಒಳ್ಳೆಯದೇ, ಆದರೆ ಒಳಗಿನ ಜೀವವೆಲ್ಲ ಸತ್ತು, ತೊಳೆದು, ಚೆನ್ನಾಗಿ ಒಣಗಿರಬೇಕು.

ಸಮಯ ಓಡುತ್ತಿದೆ, ಬೇಗ ಹೇಳಿಬಿಡುತ್ತೇನೆ. ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಸಿಹಿನೀರಿನಲ್ಲಿ ನೊರೆ ಕಟ್ಟುವುದಿಲ್ಲ, ತೆಗೆದಿಡಿ. ನೀಲಿ ಲೈಟು ಬದಲಿಸಿ ಬಿಳಿ ಲೈಟು ಹಾಕಿ. ಹಿಂದೆ ತಾಮ್ರದ ಔಷಧ ಹಾಕಿದ್ದರೆ ಸಿಗಡಿ, ಬಸವನಹುಳು ಬಿಡಬೇಡಿ.

ಇನ್ನು ಬ್ಯಾಕ್ಟೀರಿಯಾ. ಕ್ಲೋರಿನ್ ತೆಗೆದ ನೀರು ತುಂಬಿಸಿ ಫಿಲ್ಟರ್ ಹಾಕಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ, ಕೊಳೆತು ಅಮೋನಿಯಾ ಆಗಲಿ, ಅದನ್ನು ತಿನ್ನುವವು ಹುಟ್ಟಲಿ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಯಾರದಾದರೂ ಆರೋಗ್ಯವಾಗಿರುವ ಸಿಹಿನೀರಿನ ತೊಟ್ಟಿಯಿಂದ ಹಳೆಯ ಫಿಲ್ಟರ್ ಸ್ಪಂಜು ಸಿಕ್ಕರೆ ಇನ್ನೂ ಬೇಗ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬರುವವರೆಗೆ ಮೀನು ಬೇಡ, ನೀರು ಎಷ್ಟೇ ತಿಳಿಯಾಗಿರಲಿ. ಎರಡೂ ಸೊನ್ನೆ ಬಂದ ಮೇಲೆ ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ, ನಾಲ್ಕೈದು ಸಣ್ಣ ಮೀನು ಬಿಡಿ. ಒಂದು ವಾರ ದಿನಾ ಟೆಸ್ಟ್ ಮಾಡಿ, ಸೊನ್ನೆಯೇ ಇದ್ದರೆ ಉಳಿದವನ್ನು ತನ್ನಿ. ನಮಸ್ಕಾರ.