ಕಿತ್ತಳೆ ಬಣ್ಣದ ಗಿಟಾರ್

ಕೇಳುಗರೇ, ನಮಸ್ಕಾರ.

ಹೋಟೆಲಿನ ಕೋಣೆಯಲ್ಲಿ ತನ್ನ ಗಿಟಾರನ್ನು ಕಮೋಡಿಗೆ ಸರಪಳಿ ಬಿಗಿದು ಬೀಗ ಹಾಕಿಡುತ್ತಿದ್ದ ಸಂಗೀತಗಾರರೊಬ್ಬರಿದ್ದಾರೆ. ಕೆನಡಾದ ರ‍್ಯಾಂಡಿ ಬ್ಯಾಕ್‌ಮನ್. ಜೊತೆಯವರು ನಗುತ್ತಿದ್ದರಂತೆ. ನಗಲಿ ಬಿಡಿ, ಹಲವು ಸಣ್ಣಪುಟ್ಟ ಕೆಲಸ ಮಾಡಿ ಕೂಡಿಟ್ಟ 400 ಡಾಲರ್ ಕೊಟ್ಟು, ಇಪ್ಪತ್ತರ ಹರೆಯದಲ್ಲಿ ಕೊಂಡ, ಗ್ರೆಚ್ ಕಂಪನಿಯ ಕಿತ್ತಳೆ ಬಣ್ಣದ ಗಿಟಾರ್ ಅದು.

1943ರಲ್ಲಿ ವಿನ್ನಿಪೆಗ್‌ನಲ್ಲಿ ಹುಟ್ಟಿದ ಬ್ಯಾಕ್‌ಮನ್ ಮೊದಲು ಕಲಿತದ್ದು ಪಿಟೀಲು. ಗಿಟಾರಿನ ಗುಟ್ಟುಗಳನ್ನು ತೋರಿಸಿದವರು ಅದೇ ಊರಿನಲ್ಲಿದ್ದ ಲೆನ್ನಿ ಬ್ರೋ. ಬ್ಯಾಕ್‌ಮನ್ ಇದ್ದ ‘ದಿ ಗೆಸ್ ಹೂ’ ರಾಕ್ ತಂಡ ಹೆಸರು ಮಾಡುತ್ತಿದ್ದಾಗ, ಒಂಟಾರಿಯೊದ ಕಾರ್ಯಕ್ರಮವೊಂದರಲ್ಲಿ ಬ್ಯಾಕ್‌ಮನ್ ಗಿಟಾರಿನ ತಂತಿ ಕಡಿಯಿತು. ಹೊಸ ತಂತಿಗೆ ಶ್ರುತಿ ಹಿಡಿಯುತ್ತಾ ಬೆರಳಾಡಿಸುವಾಗ ಒಂದು ವರಸೆ ಹುಟ್ಟಿತು. ಉಳಿದವರು ವೇದಿಕೆಗೆ ಓಡಿಬಂದು ಸೇರಿಕೊಂಡರು, ಗಾಯಕ ಬರ್ಟನ್ ಕಮ್ಮಿಂಗ್ಸ್ ಬಾಯಿಗೆ ಬಂದದ್ದನ್ನು ಹಾಡಿದರು. ಅದೇ ‘ಅಮೆರಿಕನ್ ವುಮನ್’. 1970ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರು ವಾರ ಮೊದಲ ಸ್ಥಾನ.

ಆ ಶಿಖರದಲ್ಲೇ ಅವರು ತಂಡ ಬಿಟ್ಟರು. ಪಿತ್ತಕೋಶದ ಕಾಯಿಲೆ ಒಂದು ಕಡೆ. ಮಾರ್ಮನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಥದ ನಿಷ್ಠೆಗೂ ರಾಕ್ ತಂಡದ ದಿನಚರಿಗೂ ಹೊಂದಿಕೆಯಾಗದ್ದು ಇನ್ನೊಂದು ಕಡೆ. ಮತ್ತೆ ಮೊದಲಿನಿಂದ ಆರಂಭಿಸಿ ‘ಬ್ಯಾಕ್‌ಮನ್-ಟರ್ನರ್ ಓವರ್‌ಡ್ರೈವ್’ ಕಟ್ಟಿದರು. ತೊದಲುವ ತಮ್ಮ ಗ್ಯಾರಿಯನ್ನು ರೇಗಿಸಲೆಂದು ತೊದಲುತ್ತಾ ಹಾಡಿ ಧ್ವನಿಮುದ್ರಿಸಿದ ‘ಯೂ ಏಂಟ್ ಸೀನ್ ನಥಿಂಗ್ ಯೆಟ್’ 1974ರಲ್ಲಿ ಮತ್ತೊಮ್ಮೆ ಅಮೆರಿಕದ ಮೊದಲ ಸ್ಥಾನಕ್ಕೇರಿತು. ಮನೆಮಂದಿಯ ಕೀಟಲೆಗೆ ಇಷ್ಟು ಬೆಲೆ ಬಂದದ್ದನ್ನು ನಾನಂತೂ ಬೇರೆಲ್ಲೂ ಕೇಳಿಲ್ಲ.

ಇನ್ನು ಆ ಕಿತ್ತಳೆ ಗಿಟಾರ್. 1970ರ ದಶಕದಲ್ಲೇ ಟೊರಾಂಟೊದ ಹೋಟೆಲೊಂದರಿಂದ ಅದು ಕಳುವಾಯಿತು. ಬ್ಯಾಕ್‌ಮನ್ ಮೂರು ದಿನ ಅತ್ತರಂತೆ. ಆಮೇಲೆ ನೂರಾರು ಗ್ರೆಚ್ ಗಿಟಾರುಗಳನ್ನು ಕೊಂಡರು. ಅವುಗಳಲ್ಲಿ ಯಾವುದೂ ಅದಲ್ಲ. 2005ರಿಂದ ಅವರೂ ಕೆನಡಾದ ಬಾನುಲಿಯಲ್ಲಿ ‘ವಿನೈಲ್ ಟ್ಯಾಪ್’ ಎಂಬ ಕಾರ್ಯಕ್ರಮದಲ್ಲಿ ನನ್ನಂತೆಯೇ ಮೈಕಿನ ಮುಂದೆ ಕುಳಿತು ಹಾಡುಗಳ ಹಿಂದಿನ ಕಥೆ ಹೇಳಿದರು. ತಮ್ಮ ಗಿಟಾರಿನ ಕಥೆಗೆ ಮಾತ್ರ ಕೊನೆ ಸಿಕ್ಕಿರಲಿಲ್ಲ.

ಕೋವಿಡ್ ಕಾಲದಲ್ಲಿ ಹಳೆಯ ನೆರೆಯವರೊಬ್ಬರು, ಹಳೆಯ ಚಿತ್ರದಲ್ಲಿ ಕಂಡ ಮರದ ಮೇಲಿನ ಸಣ್ಣ ಗುರುತನ್ನೇ ಹಿಡಿದು ಅಂತರ್ಜಾಲವನ್ನು ಜಾಲಾಡಿದರು. ಟೋಕಿಯೊದ ಸಂಗೀತಗಾರರೊಬ್ಬರ ಕೈಯಲ್ಲಿ ಅದು ನುಡಿಯುತ್ತಿತ್ತು! ಅವರು ಅದನ್ನು ಅಂಗಡಿಯಲ್ಲಿ ಕೊಂಡಿದ್ದರು, ಕಳವಿನ ಸುದ್ದಿ ಗೊತ್ತಿರಲಿಲ್ಲ. ಅದೇ ಮಾದರಿಯ, 1957ರದೇ ಇನ್ನೊಂದು ಗ್ರೆಚ್ ಹುಡುಕಿ ತಂದು ಬದಲಿಗೆ ಕೊಟ್ಟರು ಬ್ಯಾಕ್‌ಮನ್. 2022ರ ಜುಲೈ 1, ಕೆನಡಾ ದಿನದಂದು, ಟೋಕಿಯೊದ ಕೆನಡಾ ರಾಯಭಾರ ಕಚೇರಿಯಲ್ಲಿ ಗಿಟಾರುಗಳು ಕೈ ಬದಲಿಸಿದವು. ಆಗ ಬ್ಯಾಕ್‌ಮನ್‌ಗೆ ಎಪ್ಪತ್ತೆಂಟು ವರ್ಷ. ಇಬ್ಬರೂ ಅಲ್ಲೇ ಒಟ್ಟಿಗೆ ನುಡಿಸಿದರು.